ಐದು ಸೀಟಿನ ಗಾಡಿ

ಬೆಟಗೇರಿಯ ಆ ಮನೆಯಲ್ಲಿ ದಿನಾ ಎಷ್ಟು ರೊಟ್ಟಿ ಆಗಬೇಕೆಂಬ ಲೆಕ್ಕ ನಾಗರತ್ನಾಳ ಕೈಯಲ್ಲಿತ್ತು. ಬೆಳಗ್ಗೆ ಒಲೆಯ ಮುಂದೆ ಕೂತು ಹಿಟ್ಟು ನಾದುವಾಗ ಅವಳು ಬಾಯೊಳಗೇ ಎಣಿಸುತ್ತಿದ್ದಳು. ತಾಯಿ ತಿಪ್ಪವ್ವನಿಗೆ ಮೆತ್ತನ್ನವು, ತಮ್ಮ ಭೀಮೇಶನಿಗೆ, ಅವನ ಹೆಂಡತಿ ಸುನಿತಾಳ ಡಬ್ಬಿಗೆ, ಅವರ ಮಗ, ಕಾಲೇಜಿಗೆ ಹೋಗುವ ವೀರೂಗೆ, ಅವನ ತಂಗಿ ಮಾಯಾಗೆ. ಐದು ಮಂದಿ. ತನ್ನನ್ನು ಎಣಿಸುವ ರೂಢಿ ಅವಳಿಗಿರಲಿಲ್ಲ. ಕೊನೆಗೆ ಉಳಿದ ಹಿಟ್ಟಿನಲ್ಲಿ ಬಡಿದದ್ದು ಅವಳದು. ಉಳಿಯದಿದ್ದರೆ ನಿನ್ನೆಯ ಖಡಕ್ ರೊಟ್ಟಿ ಮುರಿದು ಮೊಸರಿಗೆ ಹಾಕಿಕೊಳ್ಳುತ್ತಿದ್ದಳು. ಇದರಲ್ಲಿ ಯಾರ ದಬ್ಬಾಳಿಕೆಯೂ ಇರಲಿಲ್ಲ ಅನ್ನಿ. ಬಡಿಸುವವಳು ತನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಡೆಯ ಹೆಣ್ಣುಮಕ್ಕಳು ಹಾಗೇ ಬೆಳೆದವರು.

ನಾಗರತ್ನಾ ಆ ಮನೆಯ ಹಿರಿಯ ಮಗಳು. ಕೊಟ್ಟದ್ದು ಡೋಣಿ ಊರಿಗೆ. ಗಂಡ ಸೋಮೇಶ ಮುಂಡರಗಿ ಸಂತೆಯಿಂದ ಸರಕಿನ ಗಾಡಿಯ ಹಿಂದೆ ನಿಂತು ಬರುತ್ತಿದ್ದಾಗ ಗಾಡಿ ತಗ್ಗಿನಲ್ಲಿ ಜಿಗಿಯಿತು, ಅವನು ರಸ್ತೆಗೆ ಬಿದ್ದ. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತು. ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಭೀಮೇಶ ಹೋಗಿ, "ಯಕ್ಕಾ, ಇಲ್ಲಿ ಒಬ್ಬಾಕಿನ ಏನ್ ಮಾಡ್ತಿ? ನಡಿ ಮನಿಗೆ," ಎಂದು ತನ್ನ ವ್ಯಾನಿನಲ್ಲಿ ಕೂಡಿಸಿಕೊಂಡು ಬಂದ. ಒಳ್ಳೆಯ ತಮ್ಮನೇ. ಅದನ್ನು ಅವಳು ಯಾವತ್ತೂ ಮರೆತವಳಲ್ಲ.

ಆ ವ್ಯಾನಿನ ಸುದ್ದಿ ಹೇಳದೆ ಮುಂದೆ ಹೋಗಲಾಗದು. ಭೀಮೇಶನದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ವಾರವಿಡೀ ವ್ಯಾನಿನಲ್ಲಿ ಸುಟ್ಟ ಮೋಟಾರುಗಳು ಓಡಾಡುತ್ತಿದ್ದವು, ಹಬ್ಬ ಹುಣ್ಣಿಮೆಗೆ ಮನೆಮಂದಿ. ಹಿಂದೆ ಒಂದು ಹಲಗೆ ಹಾಕಿಸಿದ್ದ. ಎಷ್ಟು ಜನ ಹತ್ತಿದರೂ ಆ ವ್ಯಾನು ಒಲ್ಲೆ ಅನ್ನುತ್ತಿರಲಿಲ್ಲ. ನಾಗರತ್ನಾ ಹಲಗೆಯ ಮೇಲೆ ಬುತ್ತಿಯ ಬುಟ್ಟಿ ಹಿಡಿದು ಕೂತು, ಮುಂದಿದ್ದವರಿಗೆ ಚುರುಮುರಿ, ನೀರು, ಎಲೆಅಡಿಕೆ ದಾಟಿಸುತ್ತಿದ್ದಳು. ತಗ್ಗು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಿ ವೀರು ನಗುತ್ತಿದ್ದ, ಅವಳೂ ನಗುತ್ತಿದ್ದಳು.

ದಸರೆಯ ಹೊತ್ತಿಗೆ ವ್ಯಾನು ಕೈಕೊಟ್ಟಿತು. ಲಕ್ಷ್ಮೇಶ್ವರದಲ್ಲಿ ಸುನಿತಾಳ ತವರಿನವರ ತೊಟ್ಟಿಲ ಕಾರ್ಯ ಮುಗಿಸಿ ಬರುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಭೀಮೇಶ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಜಗ್ಗಿ, ಹೊಲದ ಒಡ್ಡಿಗೆ ಗಾಡಿ ಆನಿಸಿ ಹೇಗೋ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಸೀಟಿನ ಕಬ್ಬಿಣ ಹಿಡಿದ ಕೈಯನ್ನು ನಾಗರತ್ನಾ ಬಿಡಲೇ ಇಲ್ಲ. ಮಾಯಾ ಒಂದೊಂದೇ ಬೆರಳು ಬಿಡಿಸಬೇಕಾಯಿತು.

"ಇನ್ನ ಇದಕ್ಕ ಮದ್ದಿಲ್ಲ ಭೀಮ್ಯಾ," ಎಂದ ಶಾಕೀರ. ಅವನು ಗ್ಯಾರೇಜಿನವನು, ಭೀಮೇಶನ ಶಾಲೆಯ ಗೆಳೆಯ. "ಮಾರಿಬಿಡು. ಇಲ್ಲಾಂದ್ರ ಇದ ನಿಮ್ಮನ್ನ ಮಾರತೈತಿ."

ಅಲ್ಲಿಂದ ಮನೆಯ ಊಟಕ್ಕೆ ಕಾರೇ ಪಲ್ಯವಾಯಿತು.

"ತಗೊಂಡ್ರ ಟರ್ಬೋ ತಗೋಬೇಕ ನೋಡಪ್ಪಾ," ಎಂದ ವೀರು, ಬಾಯಲ್ಲಿ ತುತ್ತಿದ್ದಾಗಲೇ. "ಪಿಕಪ್ ಅಂದ್ರ ಪಿಕಪ್. ಒಂದ್ ಸಲ ಒತ್ತಿದ್ರ ಹುಬ್ಬಳ್ಳಿ."

"ಹುಬ್ಬಳ್ಳಿ ಅಲ್ಲಲೇ, ಸೀದಾ ಮ್ಯಾಲ," ಎಂದಳು ತಿಪ್ಪವ್ವ.

"ಪೆಟ್ರೋಲ್ ಯಾರ್ ಹಾಕ್ಸಾವ್ರು?" ಸುನಿತಾ ಖಾಸಗಿ ಶಾಲೆಯಲ್ಲಿ ಟೀಚರ್, ಪ್ರಶ್ನೆ ಕೇಳುವುದು ಅವಳ ಕಸುಬು. "ನನ್ನ ಪಗಾರ ಪೂರಾ ಕಂತಿಗೆ ಹೋದ್ರ ಉಪ್ಪು ಎಣ್ಣಿ ಏನ್ ನಿಮ್ಮ ಟರ್ಬೋ ತರತೈತೇನು? ಮೈಲೇಜ್ ಕೊಡೂದ್ ನೋಡ್ರಿ."

ಮಾಯಾ ಮೊಬೈಲು ಎತ್ತಿ ಹಿಡಿದಳು. ಅದರಲ್ಲಿ ಒಂದು ಕಾರು ಗೋಡೆಗೆ ಹೋಗಿ ಗುದ್ದುತ್ತಿತ್ತು, ಒಳಗಿನ ಗೊಂಬೆ ಗಾಳಿಚೀಲದಲ್ಲಿ ಮುಖ ಹುದುಗಿಸುತ್ತಿತ್ತು. "ಐದ್ ಸ್ಟಾರ್ ಐತಿ. ಆರ್ ಏರ್‌ಬ್ಯಾಗ್. ಟರ್ಬೋ ಕಟ್ಟಿಗೊಂಡ್ ಏನ್ ಮಾಡ್ತಿ ಅಣ್ಣಾ, ತೆಲಿ ಉಳೀಬೇಕಲ್ಲ?"

"ನನಗ ಸ್ಟಾರೂ ಬ್ಯಾಡ, ಚುಕ್ಕಿನೂ ಬ್ಯಾಡ," ತಿಪ್ಪವ್ವ ಮೊಣಕಾಲು ನೀವಿಕೊಂಡಳು. "ಹತ್ತಾಕ ಕಾಲ್ ಎತ್ತಬಾರ್ದು, ಇಳ್ಯಾಕ ಬಗ್ಗಬಾರ್ದು. ಅಂಥಾದ್ ಇದ್ರ ತರ್ರಿ."

ನಾಗರತ್ನಾ ಬಡಿಸುತ್ತ ಎಲ್ಲ ಕೇಳಿಸಿಕೊಂಡಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳದಿದ್ದದ್ದು ಅವಳಿಗೂ ವಿಶೇಷ ಅನ್ನಿಸಲಿಲ್ಲ.

ಮರುವಾರ ಶಾಕೀರ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಏಳು ಸೀಟಿನದು. ರೇಟು ಭೀಮೇಶನ ಕೈಗೆ ಎಟುಕುವಂತಿತ್ತು. ವೀರು ಹಾರ್ನ್ ಹೊಡೆದ, ಸುನಿತಾ ಮೊದಲ ಸಲ ನಕ್ಕಳು. ನಾಗರತ್ನಾ ಸೆರಗಿಗೆ ಕೈ ಒರೆಸುತ್ತ ಬಂದು ಹಿಂದಿನ ಬಾಗಿಲು ತೆಗೆಸಿ ಕೊನೆಯ ಸಾಲನ್ನು ನೋಡಿದಳು.

"ಇದರ ಬೆಲ್ಟ್ ಎಲ್ಲಿ ಶಾಕೀರಾ?"

ಶಾಕೀರ ಕಿವಿ ಕೆರೆದುಕೊಂಡ. "ಖರೇ ಹೇಳ್ತೀನಿ ಯಕ್ಕಾ. ಹಿಂದಿನ ಸಾಲಿಂದು ಹರದೈತಿ. ಏರ್‌ಬ್ಯಾಗ್ ಮುಂದ ಎರಡ ಅದಾವು. ಒಮ್ಮಿ ಬಡದು ಸರಿ ಮಾಡಿದ್ದ ಗಾಡಿ ಇದು."

"ಹಿಂದ ಕುಂತವ್ರು ಮನಷ್ಯಾರಲ್ಲೇನು?"

ದನಿ ಏರಿತ್ತು. ಆ ಮನೆಯಲ್ಲಿ ಅವಳ ದನಿ ಏರಿದ್ದನ್ನು ಮಕ್ಕಳು ಕೇಳಿರಲಿಲ್ಲ. ಭೀಮೇಶ ಏನೋ ಅನ್ನಲು ಹೋದ, ಅವಳು ಬಿಡಲಿಲ್ಲ. "ನೀ ಸೋವಿದು ತಗೋತೀಯೋ ತುಟ್ಟಿದು ತಗೋತೀಯೋ ನನಗ ಗೊತ್ತಿಲ್ಲ ಭೀಮಾ. ಯಾರೂ ಬೆಲ್ಟ್ ಇಲ್ಲದ ಕೂಡ್ರಬಾರ್ದು. ನಿಮ್ಮ ಮಾವಾಂದ್ ಆದಂಗ ಈ ಮನ್ಯಾಗ ಇನ್ನೊಬ್ಬರಿಗೆ ಆಗಬಾರ್ದು. ಇಷ್ಟ ನಾ ಕೇಳೂದು."

ಸೋಮೇಶನ ಸುದ್ದಿ ಬಂದ ಮೇಲೆ ಭೀಮೇಶ ಗಾಡಿಯ ಬಾಗಿಲು ಹಾಕಿದ. ಶಾಕೀರ ಗಾಡಿ ತಿರುಗಿಸಿಕೊಂಡು ಹೋದ.

ಹೀಗಾಗಿ ಅವರು ಗದಗಿನ ಶೋರೂಮಿಗೆ ಹೋದದ್ದು ಆರು ಏರ್‌ಬ್ಯಾಗಿನ ಹೊಸ ಕಾರು ನೋಡಲಿಕ್ಕೆ. ಟೈ ಕಟ್ಟಿದ ಹುಡುಗನೊಬ್ಬ ಎಲ್ಲರಿಗೂ ಕುರ್ಚಿ ಹಾಕಿ, ಟೀ ಕೊಟ್ಟು, ಮಾತಿನಲ್ಲೇ ಅರ್ಧ ಕಾರು ಮಾರಿಬಿಟ್ಟ. ಟರ್ಬೋ ಇರಲಿಲ್ಲ, ಆದರೂ ದೊಡ್ಡ ಪರದೆ ನೋಡಿ ವೀರು ಕರಗಿದ. ಸುನಿತಾಗೆ ಮೈಲೇಜು ಹಿಡಿಸಿತು. ತಿಪ್ಪವ್ವ ಸೀಟಿನಲ್ಲಿ ಕೂತು, ಎದ್ದು, ಮತ್ತೆ ಕೂತು, "ಇದ ಆದೀತು," ಎಂದಳು.

"ಮನ್ಯಾಗ ಎಷ್ಟ ಮಂದಿ ಅದೀರಿ ಸರ್?" ಎಂದು ಹುಡುಗ ಕೇಳಿದ.

ಭೀಮೇಶ ಕಂತಿನ ಚೀಟಿಯಲ್ಲಿ ಮುಳುಗಿದ್ದ. ತಲೆಯೆತ್ತದೆ, "ಎಷ್ಟ್ ಮಂದಿ ಯಕ್ಕಾ?" ಎಂದ. ಮನೆಯ ತಲೆಲೆಕ್ಕ ಅವಳಿಗೇ ಗೊತ್ತಲ್ಲ.

"ಐದ್ ಮಂದಿ," ಎಂದಳು ನಾಗರತ್ನಾ.

ಅಂದ ಮೇಲೂ ತಪ್ಪಾಯಿತೆಂದು ಅವಳಿಗೆ ಹೊಳೆಯಲಿಲ್ಲ. ಭೀಮೇಶ ತಲೆಯಾಡಿಸಿದ. ಸುನಿತಾ ಬಣ್ಣ ಆರಿಸುತ್ತಿದ್ದಳು. ಗೊಂಬೆಗಳ ತಲೆಯ ಬಗ್ಗೆ ಅಷ್ಟು ಕಾಳಜಿ ಮಾಡಿದ ಮಾಯಾ ಕೂಡ ತಲೆ ಎಣಿಸಲಿಲ್ಲ. "ಹಂಗಾರ ಇದು ನಿಮಗ ಅಂತನ ಮಾಡಿದ್ದು ನೋಡ್ರಿ," ಎಂದ ಟೈ ಕಟ್ಟಿದ ಹುಡುಗ. ವ್ಯಾನನ್ನು ಅಲ್ಲೇ ಬದಲಿಗೆ ಕೊಟ್ಟರು.

ಗಾಡಿ ಕೈಗೆ ಬಂದ ದಿನ ಅವಳಿಗೆ ಗೊತ್ತಾಯಿತು. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಎಲ್ಲರೂ ಹತ್ತಿದರು. ನಾಗರತ್ನಾ ಆರತಿ ಎತ್ತಿ, ತಟ್ಟೆ ಹಿಡಿದೇ ಹಿಂದಿನ ಬಾಗಿಲಿಗೆ ಬಂದಳು. ಅಲ್ಲಿ ಸುನಿತಾ, ಮಾಯಾ, ವೀರು ಬೆಲ್ಟು ಹಾಕಿ ಕೂತಿದ್ದರು. ಮುಂದೆ ಭೀಮೇಶ, ತಾಯಿ. ಅವಳು ಅಲ್ಲೇ ನಿಂತಳು. ಭೀಮೇಶನ ಮುಖದ ನಗೆ ಇಳಿಯಿತು. ತಿಪ್ಪವ್ವನನ್ನು ಹಿಂದೆ ಕಳಿಸಿ ಮೊಮ್ಮಗನನ್ನು ಮುಂದೆ ಕರೆದು ಏನೇನೋ ಮಾಡಿ ನೋಡಿದರು. ಯಾರು ಎಲ್ಲಿ ಕೂತರೂ ಒಬ್ಬರು ಉಳಿಯುತ್ತಿದ್ದರು.

"ಬಾ ಯಕ್ಕಾ, ಒಂಚೂರ್ ಸರಕೊಂಡ್ ಕುಂದರ್ತಾರ."

ವೀರು ಮುಂದೆ, ಉಳಿದ ನಾಲ್ವರು ಹಿಂದೆ ಸರಕೊಂಡು ಕೂತರು. ತಿಪ್ಪವ್ವ, "ಅಯ್ಯಯ್ಯೋ ನನ್ನ ಮಣಕಾಲ!" ಎಂದು ದಾರಿಯುದ್ದಕ್ಕೂ ನರಳಿದಳು. ಬೆಲ್ಟಿಲ್ಲದೆ ನಡುವೆ ಸಿಕ್ಕಿಕೊಂಡ ನಾಗರತ್ನಾಗೆ ಎದುರು ಬರುವ ಪ್ರತಿ ಲಾರಿಯೂ ತನ್ನ ಮೇಲೇ ಬರುತ್ತಿದೆ ಅನ್ನಿಸಿತು. ಮನೆ ಬಂದಾಗ ಅವಳ ಕುಪ್ಪಸ ಬೆವರಿಗೆ ತೊಯ್ದಿತ್ತು.

"ಇನ್ನಮ್ಯಾಲ ನಾ ಒಲ್ಲೆ," ಎಂದಳು. "ಹಿಂಗ ಕೂಡ್ರಾಕ ನನ್ನಿಂದ ಆಗಂಗಿಲ್ಲ."

ಯಾರೂ ಬಾ ಎಂದು ಒತ್ತಾಯ ಮಾಡಲಿಲ್ಲ. ಬೆಲ್ಟಿನ ಮಾತು ಆಡಿದವಳು ಅವಳೇ ಅಲ್ಲವೇ?

ಆಮೇಲೆ ಗಾಡಿ ತಿರುಗಿದ್ದೇ ತಿರುಗಿದ್ದು. ಒಂದು ಭಾನುವಾರ ಶಿರಹಟ್ಟಿಯ ಮಠಕ್ಕೆ, ಇನ್ನೊಂದು ಸಲ ತಿಪ್ಪವ್ವನ ಮೊಣಕಾಲು ತೋರಿಸಲು ಹುಬ್ಬಳ್ಳಿಗೆ, ಮತ್ತೆ ಲಕ್ಷ್ಮೇಶ್ವರಕ್ಕೆ. ಪ್ರತಿ ಸಲವೂ ನಾಗರತ್ನಾ ಬುತ್ತಿ ಕಟ್ಟಿ ಡಿಕ್ಕಿಯಲ್ಲಿ ಇಡುತ್ತಿದ್ದಳು. "ಮನ್ಯಾಗ ಯಾರರ ಇರಬೇಕಲ್ಲ," ಎಂದು ತಾನೇ ಅಂದುಬಿಡುತ್ತಿದ್ದಳು, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಅದು ವಾಸಿ ಎಂದು. ಗಾಡಿ ಓಣಿ ತಿರುಗಿದ ಮೇಲೆ ಮನೆ ಎಷ್ಟು ಸುಮ್ಮನಾಗುತ್ತಿತ್ತೆಂದರೆ ಟಾಕಿಗೆ ನೀರು ತೊಟ್ಟಿಕ್ಕುವುದೂ ಕೇಳುತ್ತಿತ್ತು. ಟಿವಿ ಹಚ್ಚುತ್ತಿದ್ದಳು. ನೋಡಲಿಕ್ಕಲ್ಲ, ಮನೆಯಲ್ಲಿ ಮಾತು ಇರಲಿ ಎಂದು. ತಾನೊಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗುತ್ತಿರಲಿಲ್ಲ. ಡೋಣಿಯಲ್ಲಿ ಗಂಡ ಹೋದ ಮೇಲೆ ಕಳೆದ ದಿನಗಳು ನೆನಪಾಗುತ್ತಿದ್ದವು. ಅಲ್ಲಿ ಒಂಟಿಯಾಗಿದ್ದಳು, ಆದರೆ ಅಲ್ಲಿ ಯಾರೂ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಬಿಟ್ಟು ಹೋಗಲು ಯಾರೂ ಇರಲಿಲ್ಲ.

ಸಂಜೆ ಅವರು ಗದ್ದಲ ಮಾಡುತ್ತ ಬರುತ್ತಿದ್ದರು. "ಅತ್ತೀ, ಆ ನಾಯಿ ನೋಡಿ ಆಯಿ ಏನಂದ್ಲು ಗೊತ್ತೇನು?" ಎಂದು ಮಾಯಾ ಅಜ್ಜಿಯ ಸುದ್ದಿ ಶುರು ಮಾಡಿದರೆ ಉಳಿದವರಿಗೆ ನಗು ತಡೆಯುತ್ತಿರಲಿಲ್ಲ. ನಾಗರತ್ನಾ ಚಹಾ ಸೋಸುತ್ತ ನಗಲು ನೋಡುತ್ತಿದ್ದಳು. ನಗು ಬರುತ್ತಿರಲಿಲ್ಲ. ಆ ಮಾತು ಹುಟ್ಟಿದಾಗ ಅವಳು ಅಲ್ಲಿರಲಿಲ್ಲ.

ಒಂದು ದಿನ ತಾಯಿಯ ತಲೆಗೆ ಎಣ್ಣೆ ಹಚ್ಚುತ್ತ ಕೇಳಿಯೇಬಿಟ್ಟಳು. "ಯವ್ವಾ, ನಾ ಇಲ್ಲದ್ದು ಗಾಡ್ಯಾಗ ಗೊತ್ತಾಗತೈತೇನು?"

"ಗೊತ್ತಾಗದ ಏನು?" ಎಂದಳು ತಿಪ್ಪವ್ವ. "ನೀರಿನ ಬಾಟ್ಲಿ ಎಲ್ಲಿ ಇಟ್ಟೀ ಅಂತ ಯಾರಿಗೂ ಗೊತ್ತಿರಂಗಿಲ್ಲ ನೋಡು."

ಎಳ್ಳ ಅಮಾವಾಸ್ಯೆ ಬಂತು. ಅವರಿಗೆ ಕುರ್ತಕೋಟಿಯಲ್ಲಿ ಒಂದಿಷ್ಟು ಎರೆ ಹೊಲ. ಅದನ್ನು ಅಮೃತವ್ವ ಮತ್ತು ಅವಳ ಗಂಡ ಪಾಲಿಗೆ ಮಾಡುತ್ತಿದ್ದರು. ಆ ದಿನ ಮಾತ್ರ ಮನೆಮಂದಿಯೆಲ್ಲ ಹೊಲಕ್ಕೆ ಹೋಗಬೇಕು, ಮಾಡಿದ ಅಡಿಗೆಯನ್ನು ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ತಂದೆ ತೀರಿಕೊಂಡ ಮೇಲೆ ಭೀಮೇಶ ನೀರಿನ ತಂಬಿಗೆ ಹಿಡಿದು ಮುಂದೆ, ನಾಗರತ್ನಾ ಚರಗದ ಬುಟ್ಟಿ ಹೊತ್ತು ಹಿಂದೆ. ಅಕ್ಕತಮ್ಮ ಹೊಲ ಸುತ್ತಿ ಬರುತ್ತಿದ್ದರು. ವರ್ಷದಲ್ಲಿ ಅದೊಂದು ದಿನ ಅವಳು ಯಾರ ಮನೆಯಲ್ಲೋ ಇರುವವಳಲ್ಲ, ಆ ಹೊಲದ ಮಗಳು. ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

"ಭೀಮಾ, ಉಳದ ದಿನ ಹ್ವಾದ್ರ ಹೋಗ್ಲಿ," ಎಂದಳು. "ಅಮಾಸಿಗೆ ಮಾತ್ರ ನಾ ಬರೂದ."

"ನೀ ಇಲ್ಲದ ಚರಗ ಆಗತೈತೇನ ಯಕ್ಕಾ? ಎರಡ್ ಟ್ರಿಪ್ ಹೊಡೀತೀನಿ. ಇವ್ರನ್ನ ಬಿಟ್ಟು ಬಂದು ನಿನ್ನ ಕರಕೊಂಡ್ ಹೋಗ್ತೀನಿ. ಎಷ್ಟ್ ದೂರ ಐತಿ ಅದು?"

ಅವಳ ಜೀವ ತಂಪಾಯಿತು. ಮೂರು ದಿನ ಬೆನ್ನು ಬಾಗಿಸಿ ದುಡಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ, ಮೊಸರು ಬುತ್ತಿ. ಅಮಾವಾಸ್ಯೆಯ ಮುಂಜಾನೆ ಎಲ್ಲ ಡಿಕ್ಕಿಗೆ ತುಂಬಿ, ಐವರನ್ನು ಕಳಿಸಿ, ತಾನು ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಕೀಲಿ ಹಾಕಿ ಕಟ್ಟೆಯ ಮೇಲೆ ಕೂತಳು. ಓಣಿಯಿಂದ ಒಂದೊಂದೇ ಟ್ರ್ಯಾಕ್ಟರು, ಟಂಟಂ ಹೊರಟುಹೋದವು. ಎದುರು ಮನೆಯ ಅಲ್ಮಾಸಬಿ, "ಹೋಗಲಿಲ್ಲೇನ್ ಯಕ್ಕಾ?" ಎಂದಾಗ, "ತಮ್ಮ ಬರಾಕತ್ತಾನ," ಎಂದಳು. ಬಿಸಿಲು ಕಟ್ಟೆಗೆ ಬಂತು. ಎರಡನೆಯ ಸಲ ಅಲ್ಮಾಸಬಿ ಏನೂ ಕೇಳಲಿಲ್ಲ.

ಕೊನೆಗೆ ಫೋನು ಬಂತು. "ಯಕ್ಕಾ, ಹಾದ್ಯಾಗ ಗಾಡಿ ಹಿಂದ ಟ್ರ್ಯಾಕ್ಟರ್ ಸಾಲ ಹಚ್ಚಿ ನಿಂತಾವು. ಹೊರಗ ತಗ್ಯಾಕ ಬರವಲ್ದು. ನೀ ಬಸ್ಸಿಗೆ ಬಂದ್ಬಿಡು. ಹೆಂಗೂ ನಿನಗ ಫ್ರೀ ಐತೆಲ್ಲ."

ಅವಳು ಸಿಟಿ ಬಸ್ಸಿಗೆ ಗದಗಿಗೆ ಬಂದು, ಅಲ್ಲಿಂದ ಕುರ್ತಕೋಟಿ ಬಸ್ಸು ಹಿಡಿದು, ಉಳಿದದ್ದನ್ನು ನಡೆದು ಹೊಲ ಮುಟ್ಟುವಾಗ ಬೇವಿನ ಮರದ ಕೆಳಗೆ ಎಲ್ಲರೂ ಉಣ್ಣಲು ಕೂತಿದ್ದರು. ಬರಿದಾದ ಚರಗದ ಬುಟ್ಟಿ ಮಾಯಾಳ ಪಕ್ಕದಲ್ಲಿತ್ತು.

"ಬಂದ್ರೇನ್ರಿ ಯಕ್ಕಾರ? ಚಲೋ ಆತು," ಎಂದಳು ಸುನಿತಾ. "ಗುರೆಳ್ಳ ಚಟ್ನಿ ಯಾವ ಡಬ್ಬ್ಯಾಗ ಐತ್ರಿ? ಹುಡುಕಿ ಸಾಕಾತು."

"ಚರಗ ಚೆಲ್ಲಿದ್ರೇನು?"

ಭೀಮೇಶ ತಲೆ ತಗ್ಗಿಸಿದ. "ಹೊತ್ತ ಮೀರತಿತ್ತ ಯಕ್ಕಾ. ಮಾಯಾ ಹೊತ್ತಳು."

ನಾಗರತ್ನಾ ನಿಂತೇ ಇದ್ದಳು. ಇಷ್ಟು ವಾರ ನುಂಗಿಕೊಂಡದ್ದನ್ನು ಆಡಿಬಿಟ್ಟಳು.

"ಭೀಮಾ, ಅವತ್ತ ಅಂಗಡ್ಯಾಗ ನಾ ಐದ್ ಮಂದಿ ಅಂದೆ. ತಪ್ಪ್ ನಂದ. ನನ್ನ ನಾ ಎಣಿಸ್ಕೊಂಡ್ ರೂಢಿ ಇಲ್ಲ. ಆದ್ರ ನೀವು ಐದೂ ಮಂದಿ ಅಲ್ಲೇ ಇದ್ರಿ. ಒಬ್ಬರರ ಆರ್ ಮಂದಿ ಅಂದಿರೇನು?"

ತಿಪ್ಪವ್ವನ ತುತ್ತು ಕೈಯಲ್ಲೇ ಉಳಿಯಿತು. ವೀರು ಮೊಬೈಲು ತಿರುವಿ ಹಾಕಿದ.

"ಏಳ್ ಸೀಟಿಂದು ಬ್ಯಾಡ ಅಂದವ್ರೂ ನೀವ ಅಲ್ರಿ ಯಕ್ಕಾರ?" ಸುನಿತಾ ಮೆಲ್ಲಗೇ ಅಂದಳು, ಆದರೂ ಅಂದಳು.

"ಹೌದವಾ, ನಾನ ಅಂದೆ. ನಿಮಗ್ಯಾರಿಗೂ ಏನೂ ಆಗಬಾರ್ದು ಅಂತ ಅಂದೆ."

ಅಮೃತವ್ವ ಅವಸರದಿಂದ ಎಲೆ ಹಾಕಿ, "ಮದ್ಲ ಉಣ್ಣ ಬಾರಬೇ ನೀ," ಎಂದು ಕೈ ಹಿಡಿದು ಕೂಡಿಸಿದಳು. ಅರ್ಧ ರೊಟ್ಟಿ ಗಂಟಲಿಗೆ ಇಳಿಯಿತು. ಕೈ ತೊಳೆದು ಎದ್ದಳು.

"ನಿಂದರ್ ಯಕ್ಕಾ, ಏನರ ಮಾಡೂಣು," ಎಂದ ಭೀಮೇಶ.

"ಬಸ್ ತಪ್ಪತೈತಿ," ಎಂದು ಅವಳು ಒಡ್ಡು ದಾಟಿದಳು. ಹಿಂದೆ ಯಾರಾದರೂ ಬಂದಾರೆಂದು ನಡಿಗೆ ನಿಧಾನ ಮಾಡಿದಳು. ಯಾರೂ ಬರಲಿಲ್ಲ.

ನಿಲ್ದಾಣದಲ್ಲಿ ಬಹಳ ಹೊತ್ತು ಕಾದ ಮೇಲೆ ಬಸ್ಸು ಸಿಕ್ಕಿತು. ಹಬ್ಬದ ಜನರಿಂದ ಕಿಕ್ಕಿರಿದಿತ್ತು, ಪುಣ್ಯಕ್ಕೆ ಕಿಟಕಿಯ ಪಕ್ಕ ಜಾಗ ದೊರೆಯಿತು. ಸ್ವಲ್ಪ ದೂರ ಹೋಗುವುದರೊಳಗೆ ವೀರು ಗೆಳೆಯನೊಬ್ಬನ ಬೈಕಿನ ಹಿಂದೆ ಕೂತು ಕೂಗುತ್ತ ಬಸ್ಸನ್ನು ದಾಟಿಹೋದ. ಯಾರನ್ನೋ ಇಳಿಸಲು ಬಸ್ಸು ನಿಧಾನವಾದಾಗ 'ಅವರ' ಕಾರು ಪಕ್ಕಕ್ಕೇ ಬಂತು. ಎತ್ತರದ ಕಿಟಕಿಯಿಂದ ಅವಳಿಗೆ ಒಳಗಿನದೆಲ್ಲ ಕಂಡಿತು. ಮುಂದೆ ಭೀಮೇಶ, ತೂಕಡಿಸುವ ತಾಯಿ. ಹಿಂದೆ ಆ ಕಡೆ ಸುನಿತಾ, ಈ ಕಡೆ ಮಾಯಾ. ಇಬ್ಬರ ನಡುವೆ, ವೀರುವಿನ ಸೀಟಿನಲ್ಲಿ, ಹೊಲದಿಂದ ಕಿತ್ತು ತಂದ ಹಸಿ ಕಡಲೆಗಿಡದ ದೊಡ್ಡ ಕಟ್ಟು. ಉರುಳಬಾರದೆಂದು ಅದಕ್ಕೆ ಬೆಲ್ಟು ಹಾಕಿದ್ದರು.

ಮಾಯಾ ಒಂದೊಂದೇ ಕಾಯಿ ಬಿಡಿಸಿ ತಿನ್ನುತ್ತಿದ್ದಳು. ಮೇಲೆ ನೋಡಲಿಲ್ಲ. ಕಾರು ಮುಂದೆ ಹೋಯಿತು.

ಒಂದು ಫೋನು ಮಾಡಿದ್ದರೆ ಸಾಕಿತ್ತು. ಸಿಟ್ಟಿನಿಂದ ಬಿಟ್ಟುಹೋಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರಿಗೆ ಅವಳು ನೆನಪೇ ಆಗಿರಲಿಲ್ಲ. ನಾಗರತ್ನಾ ತುಂಬಿದ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದ ಹೆಂಗಸು ಸರಿದು ಇನ್ನಷ್ಟು ಜಾಗ ಮಾಡಿಕೊಟ್ಟಳು.

ಗದಗಿನ ನಿಲ್ದಾಣದಲ್ಲಿ ಇಳಿದು ಒಂದು ಚಹಾ ತೆಗೆದುಕೊಂಡು ಬೆಂಚಿನ ಮೇಲೆ ಕೂತಾಗ ಫೋನು ಬಂತು.

"ಯಕ್ಕಾ, ಎಲ್ಲಿ ಅದೀ? ಕೀಲಿ ನಿನ್ನ ಹತ್ರ ಉಳದೈತಿ. ಎಲ್ಲಾರೂ ಬಾಗಲಾಗ ನಿಂತೇವಿ, ಅವ್ವಗ ನಿಂದರಾಕ ಆಗವಲ್ದು. ಗದಗಿನ್ಯಾಗ ಅದೀಯೇನು? ಅಲ್ಲೇ ಇರು, ಗಾಡಿ ತಗೊಂಡ್ ಬಂದೆ."

ಈ ಸಲ ಗಾಡಿ ಬರಲು ತಡವಾಗಲಿಲ್ಲ. ನಿಲ್ದಾಣದ ಹೊರಗೆ ಬಂದು ನಿಂತಿತು. ಒಳಗೆ ಭೀಮೇಶನೊಬ್ಬನೇ. ಕೈ ಚಾಚಿ ಪಕ್ಕದ ಬಾಗಿಲು ತೆಗೆದ. "ಹತ್ತ ಯಕ್ಕಾ, ಪೂರಾ ಖಾಲಿ ಐತಿ. ಎಲ್ಲಿ ಬೇಕಲ್ಲಿ ಕುಂದರು."

ನಾಗರತ್ನಾ ಹತ್ತಲಿಲ್ಲ. ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಅವನ ಪಕ್ಕದ ಸೀಟಿನ ಮೇಲೆ ಇಟ್ಟಳು.

"ಕೀಲಿಗೆ ಬಂದಿದ್ದಿ, ತಗೊಂಡ್ ಹೋಗು ಭೀಮಾ. ಅವ್ವ ನಿಂತಾಳ."

"ಮತ್ತ ನೀನು?"

"ನನ್ನ ಕರ್ಯಾಕ ಯಾವಾಗ ಬರ್ತಿ, ಅವತ್ತ ಹತ್ತತೀನಿ."

ಬಾಗಿಲು ಹಾಕಿದಳು. ಭೀಮೇಶ ಕೀಲಿ ಎತ್ತಿಕೊಂಡು ಕನ್ನಡಿಯಲ್ಲಿ ಅವಳನ್ನು ನೋಡಿದ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದಾಗ ಗಾಡಿ ಸರಿಯಿತು. ನಾಗರತ್ನಾ ಬೆಂಚಿಗೆ ಬಂದು ಕೂತಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಬೆಟಗೇರಿಯ ಸಿಟಿ ಬಸ್ಸು ಬಂದು, ನಿಂತು, ಹೋಯಿತು. ಅವಳು ಏಳಲಿಲ್ಲ. ಚಹಾ ಆರಿತ್ತು, ಅದನ್ನೇ ಕುಡಿದಳು.